ಎರಡನೇ ಡಬ್ಬಿಯ ಎಳ್ಳು

ಜನವರಿ ೯

ಅಕ್ಕಾ,

ಫೋನ್ ಮಾಡಿದರೆ ನೀನು ಹಾಂ ಹಾಂ ಎಂದು ಕೂಗಿ, ಕೊನೆಗೆ ಭಾವನ ಕೈಗೆ ಕೊಡುತ್ತೀಯ. ಅವರು ಚೆನ್ನಾಗಿದ್ದೇವೆ ಎಂದು ಹೇಳಿ ಇಟ್ಟುಬಿಡುತ್ತಾರೆ. ಆ ಎಣ್ಣೆ ಗಾಣದ ಮೋಟಾರು ನಿನ್ನ ಕಿವಿಯನ್ನು ಅರ್ಧ ತಿಂದುಹಾಕಿದೆ. ಅದಕ್ಕೇ ಈ ಕಾಗದ. ನಿಧಾನವಾಗಿ ಓದು, ಎರಡು ಸಲ ಓದು.

ಪ್ರಯೋಗಾಲಯದಲ್ಲಿ ನಿನಗೇನು ಕೆಲಸ ಎಂದು ಕೇಳಿದಾಗ ಸೀಸೆ ತೊಳೆಯುವುದು ಎಂದು ತಮಾಷೆ ಮಾಡಿದ್ದೆ. ಈಗ ಸರಿಯಾಗಿ ಹೇಳುತ್ತೇನೆ. ಬೆಳಿಗ್ಗೆ ಎದ್ದಾಗ ನಿನ್ನ ಬೆರಳ ಗೆಣ್ಣುಗಳು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತವಲ್ಲ, ಅದಕ್ಕೆ ಉರಿಯೂತ ಎನ್ನುತ್ತಾರೆ. ನಾವು ತಿನ್ನುವ ಬೀಜಗಳಲ್ಲೇ ಅದನ್ನು ತಣಿಸುವ ಅಂಶಗಳು ಇರುತ್ತವೆ. ಅಗಸೆ, ಮೆಂತ್ಯ, ಸಾಸಿವೆ, ಕುಂಬಳದ ಬೀಜ, ಯಾವುದರಲ್ಲಿ ಎಷ್ಟಿದೆ ಎಂದು ಹುಡುಕುವುದು ನಮ್ಮ ಕೆಲಸ. ಗಾಜಿನ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸಿ, ಅವಕ್ಕೆ ಸಿಟ್ಟು ಬರಿಸಿ, ಮೇಲೆ ಬೀಜದ ಸಾರ ಹಾಕಿ, ಸಿಟ್ಟು ಇಳಿಯಿತೋ ಇಲ್ಲವೋ ಎಂದು ಯಂತ್ರದಲ್ಲಿ ಅಳೆಯುತ್ತೇವೆ.

ಮುಂದಿನ ಸರದಿ ಎಳ್ಳಿನದು. ದೊಡ್ಡ ಮೇಡಂ ಅದನ್ನು ಪೂರ್ತಿಯಾಗಿ ನನ್ನ ಕೈಗೆ ಕೊಟ್ಟಿದ್ದಾರೆ. ನನ್ನ ಕೆಲಸದ ಅವಧಿ ಜೂನ್ ಕೊನೆಗೆ ಮುಗಿಯುತ್ತದೆ. ಎಳ್ಳಿನಲ್ಲಿ ಏನಾದರೂ ಸಿಕ್ಕಿದರೆ ಮುಂದುವರಿಸುತ್ತಾರೆ, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಎಳ್ಳು ಎಲ್ಲಿಂದ ತರಿಸೋಣ ಎಂದು ಮೇಡಂ ಕೇಳಿದ್ದೇ ತಡ, ನಮ್ಮಕ್ಕನ ಗಾಣದಿಂದ ಎಂದುಬಿಟ್ಟೆ. ಎರಡು ಕಿಲೋ ಕರಿ ಎಳ್ಳು ಬೇಕು. ಹಸಿಯದು, ಹುರಿಯದ್ದು, ತೊಳೆಯದ್ದು. ಜೊತೆಗಿರುವ ಕಾಗದದಲ್ಲೂ ಅದನ್ನೇ ಬರೆದಿದೆ. ಅದಕ್ಕೆ ನಿನ್ನ ಸಹಿ ಬೇಕು.

ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿಯಲ್ಲಿ ತಂದೆ, ತಾಯಿ ಎಂದು ಎರಡು ಜಾಗ ಇತ್ತು. ಎರಡರಲ್ಲೂ ನಿನ್ನನ್ನೇ ಬರೆದಿದ್ದೆ. ಗುಮಾಸ್ತ ನಕ್ಕ. ನಾನು ನಗಲಿಲ್ಲ.

ನಿನ್ನ ಗುಬ್ಬಿ

ಜನವರಿ ೨೧

ಗುಬ್ಬೀ,

ಎರಡು ಸಲ ಓದು ಎಂದಿದ್ದೆ, ಮೂರು ಸಲ ಓದಿದೆ. ಮೊದಲನೇ ಸಲ ಕನ್ನಡಕ ಇರಲಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಜೀವಕೋಶಗಳಿಗೆ ಸಿಟ್ಟು ಬರಿಸುವುದಕ್ಕೆ ಅಷ್ಟೆಲ್ಲ ಸಾಮಾನು ಯಾಕೆ? ನಿನ್ನ ಭಾವನನ್ನು ಎರಡು ದಿನ ಕಳಿಸುತ್ತೇನೆ, ಅವು ತಟ್ಟೆಯಿಂದ ಎದ್ದು ಹೊಡೆಯಲು ಬರುತ್ತವೆ.

ಎಳ್ಳು ತರುವ ಅಜ್ಜಿ ಈ ಸಲವೂ ಒಳ್ಳೆಯ ಕಾಳು ತಂದಿದ್ದಾಳೆ. ಒಂದೇ ಹೊಲದ್ದು. ಒಂದು ಮೂಟೆಯನ್ನು ನಿನ್ನ ಹೆಸರಿಗೆಂದೇ ಬೇರೆ ಎತ್ತಿಟ್ಟು, ಎರಡು ಕಿಲೋ ಆರಿಸಿದ್ದೇನೆ. ಈ ಬೆರಳುಗಳನ್ನು ಇಟ್ಟುಕೊಂಡು ಮೂರು ದಿನ ಹಿಡಿಯಿತು. ಒಂದು ಕಲ್ಲು ಸಿಕ್ಕಿದರೆ ನನ್ನ ಹೆಸರು ಬದಲಾಯಿಸು. ಇಲ್ಲಿ ವಾರವಿಡೀ ಅಕಾಲದ ಜಿಟಿಜಿಟಿ ಮಳೆ, ಅಂಗಡಿಯೆಲ್ಲ ಥಂಡಿ. ಹೋದ ವರ್ಷ ನಿನ್ನ ಹಾಸ್ಟೆಲ್ಲಿಗೆ ಕಳಿಸಿದ ಎಳ್ಳಿಗೆ ಹುಳ ಬಿದ್ದು ಗೆಳತಿಯರ ಮುಂದೆ ನಿನ್ನ ಮುಖ ಸಣ್ಣದಾಗಿತ್ತಲ್ಲ, ಈ ಸಲ ಮೇಡಂ ಮುಂದೆ ಹಾಗಾಗದಂತೆ ನೋಡಿಕೊಂಡಿದ್ದೇನೆ.

ಕಾಗದಕ್ಕೆ ಸಹಿ ಹಾಕಿದ್ದೇನೆ. ತಂದೆಯ ಜಾಗದಲ್ಲೂ ನನ್ನನ್ನು ಬರೆದೆ ಎಂದು ಓದಿ ನಿನ್ನ ಭಾವ ತಮ್ಮ ಮೀಸೆಯನ್ನು ನನಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಬೈದು ಕಳಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ ಕಣ್ಣು ಒರೆಸಿಕೊಂಡೆ.

ಅಕ್ಕ

ಮಾರ್ಚ್ ೨

ಅಕ್ಕಾ,

ಕುಳಿತುಕೊಂಡು ಓದು. ಸಿಟ್ಟು ಇಳಿಯಿತು. ಸುಮ್ಮನೆ ಇಳಿದಿದ್ದಲ್ಲ, ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಗಸೆ, ಮೆಂತ್ಯ ಯಾವುದೂ ಹತ್ತಿರಕ್ಕೆ ಬರಲಿಲ್ಲ. ನಂಬಿಕೆ ಬಾರದೆ ಮೂರು ಸಲ ಅಳೆದೆ, ಮೂರು ಸಲವೂ ಅದೇ. ಯಾವತ್ತೂ ನಗದ ದೊಡ್ಡ ಮೇಡಂ ನನ್ನ ಪುಸ್ತಕ ನೋಡಿ, ಈ ಎಳ್ಳನ್ನು ಆರಿಸಿದ ಕೈಗೆ ನನ್ನ ನಮಸ್ಕಾರ ಹೇಳು ಎಂದರು. ಹೇಳಿದ್ದೇನೆ.

ಡಬ್ಬಿ ಬಿಚ್ಚಿದಾಗ ಒಂದು ಗಳಿಗೆ ಕೆಲಸ ಬಿಟ್ಟು ಕುಳಿತೆ. ನಮ್ಮ ಮನೆಯ ವಾಸನೆ ಬಂತು. ಆ ಮನೆಯಲ್ಲಿ ಬಟ್ಟೆ, ತಲೆಗೂದಲು, ನನ್ನ ಶಾಲೆಯ ಪುಸ್ತಕ ಎಲ್ಲಕ್ಕೂ ಆ ವಾಸನೆ ಇತ್ತಲ್ಲ, ಡಬ್ಬಿಗೂ ಅಂಟಿಕೊಂಡಿದೆ.

ಈಗ ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದು ತಟ್ಟೆಯಲ್ಲಿ ಆದದ್ದು, ಮನುಷ್ಯರ ಮೈಯಲ್ಲಿ ಅಲ್ಲ. ಎಳ್ಳು ಔಷಧವಲ್ಲ. ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟೆಯೋ, ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ. ಎರಡನೆಯದು, ಒಂದು ಸಲ ಬಂದದ್ದು ಇನ್ನೊಂದು ಸಲವೂ ಬರಬೇಕು, ಆಗಲೇ ಅದಕ್ಕೆ ಬೆಲೆ. ಅದೇ ಮೂಟೆಯಿಂದ ಇನ್ನೆರಡು ಕಿಲೋ ಕಳಿಸುತ್ತೀಯಾ?

ನಿನ್ನ ಋಣ ಹೇಗೆ ತೀರಿಸಲಿ ಎಂದು ಕೇಳಿದರೆ ಬೈಯುತ್ತೀಯ. ಬೈ. ಆದರೂ ಕೇಳುತ್ತೇನೆ.

ಗುಬ್ಬಿ

ಮಾರ್ಚ್ ೧೧

ಗುಬ್ಬೀ,

ಹೊಟ್ಟೆ ತಣ್ಣಗಾಯಿತು. ಕಾಗದವನ್ನು ಗಿರಾಕಿಗಳಿಗೆಲ್ಲ ಓದಿ ಹೇಳಿದೆ. ಪಕ್ಕದ ಬೀದಿಯ ಟೀಚರಮ್ಮ ಸಿಟ್ಟಿಳಿಸುವ ಎಳ್ಳು ಎಂದು ಕೇಳಿ ಅರ್ಧ ಕಿಲೋ ಒಯ್ದರು, ಗಂಡನಿಗಂತೆ. ಅದು ತಟ್ಟೆಯ ಸಿಟ್ಟು, ಗಂಡಂದಿರ ಸಿಟ್ಟಲ್ಲ ಎಂದರೂ ಕೇಳಲಿಲ್ಲ. ನಾನೂ ಆಸೆಬುರುಕಿ, ದಿನಾ ಮೂರು ಹಿಡಿ ತಿಂದು ಹೊಟ್ಟೆ ಕೆಡಿಸಿಕೊಂಡೆ. ಮಾತ್ರೆ ಬಿಟ್ಟಿಲ್ಲ. ಕಿವಿ ಹಿಂಡುವ ಶ್ರಮ ಬೇಡ, ಅವು ಮೊದಲೇ ಕೆಟ್ಟಿವೆ.

ಎರಡನೇ ಡಬ್ಬಿ ಕಳಿಸಿದ್ದೇನೆ. ಅದೇ ಮೂಟೆ. ಈ ಸಲ ನಾನು ಸಹಿ ಹಾಕಿದ ಆ ಕಾಗದದಲ್ಲಿ ಬರೆದ ಒಂದೊಂದು ಅಕ್ಷರವನ್ನೂ ಪಾಲಿಸಿದ್ದೇನೆ, ಇನ್ನೂ ಚೆನ್ನಾಗಿ ಬರಬೇಕು. ಇಷ್ಟು ವರ್ಷ ಈ ಗಾಣದ ಮುಂದೆ ನಿಂತದ್ದು ಸಾರ್ಥಕವಾಯಿತು ಎಂದು ಮೊದಲ ಸಲ ಅನ್ನಿಸಿತು. ಮೇಡಂಗೆ ನನ್ನ ನಮಸ್ಕಾರವನ್ನೂ ಹೇಳು.

ಅಕ್ಕ

ಏಪ್ರಿಲ್ ೪

ಅಕ್ಕಾ,

ಎರಡನೇ ಡಬ್ಬಿ ಸಿಕ್ಕಿತು. ಫಲಿತಾಂಶ ಸ್ವಲ್ಪ ಬೇರೆ ಥರ ಬಂದಿದೆ. ಗಾಬರಿಯಾಗುವಂಥದ್ದೇನೂ ಇಲ್ಲ. ಒಂದೇ ಪ್ರಶ್ನೆ, ಎರಡೂ ಒಂದೇ ಹೊಲದ ಎಳ್ಳೇ ಹೌದಾ? ಅಜ್ಜಿ ಬೇರೆ ಯಾರದ್ದನ್ನಾದರೂ ಸೇರಿಸಿ ತಂದಿರಬಹುದಾ? ಒಂದು ಸಾಲು ಬರೆದರೆ ಸಾಕು.

ಇಲ್ಲಿ ಕೆಲಸ ಜಾಸ್ತಿ. ನಿನ್ನ ಕೈ ಹೇಗಿದೆ?

ಗುಬ್ಬಿ

ಏಪ್ರಿಲ್ ೧೨

ತಂಗೀ,

ಒಂದು ಸಾಲು ಬರೆದರೆ ಸಾಕು ಎಂದಿದ್ದೀಯ. ಒಂದೇ ಹೊಲ, ಒಂದೇ ಅಜ್ಜಿ, ಒಂದೇ ಮೂಟೆ. ಆಯಿತಲ್ಲ?

ಆಗಲಿಲ್ಲ, ಇನ್ನೂ ಬರೆಯುತ್ತೇನೆ. ಈ ಊರಿನಲ್ಲಿ ನನ್ನ ಎಳ್ಳಿಗೆ, ನನ್ನ ಎಣ್ಣೆಗೆ ಇದುವರೆಗೆ ಒಬ್ಬರೂ ಹೆಸರಿಟ್ಟಿಲ್ಲ. ಅಜ್ಜಿಯನ್ನು ನಿಲ್ಲಿಸಿ ಕೇಳಿದೆ. ಅವಳು ಅಳುವುದೊಂದು ಬಾಕಿ. ಬೇರೆ ಥರ ಬಂದರೆ ನಿಮ್ಮ ಯಂತ್ರ ಕೆಟ್ಟಿರಬೇಕು, ಇಲ್ಲ ನಿಮ್ಮ ತಟ್ಟೆ ಸರಿಯಾಗಿ ತೊಳೆದಿಲ್ಲ. ಸೀಸೆ ತೊಳೆಯುವುದು ನಿನ್ನ ಕೆಲಸ ತಾನೆ, ಸರಿಯಾಗಿ ತೊಳೆ.

ಕೈ ಇದ್ದ ಹಾಗೇ ಇದೆ.

ಅಕ್ಕ

ಮೇ ೨೦

ಅಕ್ಕಾ,

ಐದು ವಾರ ಬರೆಯಲಿಲ್ಲ. ನನಗೆ ಸಿಟ್ಟು ಬಂದಿದೆ ಎಂದು ನೀನು ತಿಳಿದಿರುತ್ತೀಯ. ಸಿಟ್ಟಲ್ಲ. ನಿನಗೆ ಹೇಳಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ.

ಎರಡನೇ ಡಬ್ಬಿಯ ಎಳ್ಳು ಏನೂ ಮಾಡಲಿಲ್ಲ. ಸ್ವಲ್ಪ ಬೇರೆ ಥರ ಎಂದದ್ದು ಸುಳ್ಳು. ಸಿಟ್ಟು ಇಳಿಯಲೇ ಇಲ್ಲ. ಆಗ ಮೇಡಂ ಎರಡು ಸಾರಗಳಲ್ಲೂ ಏನೇನಿದೆ ಎಂದು ಬೇರೆಯವರಿಂದ ಪರೀಕ್ಷೆ ಮಾಡಿಸಿದರು. ಮೊದಲನೆಯದರಲ್ಲಿ ಸೆಸಮಾಲ್ ಎಂಬ ಅಂಶ ಧಾರಾಳವಾಗಿದೆ, ಎರಡನೆಯದರಲ್ಲಿ ಹುಡುಕಿದರೂ ಇಲ್ಲ. ಹಸಿ ಎಳ್ಳಿನಲ್ಲಿ ಅದು ಅಷ್ಟು ಇರಲು ಸಾಧ್ಯವೇ ಇಲ್ಲ. ಅದರ ಮೂಲದ್ರವ್ಯ ಮಾತ್ರ ಇರುತ್ತದೆ, ಬೆಂಕಿಯ ಶಾಖ ತಾಕಿದರೆ ಅದು ಒಡೆದು ಸೆಸಮಾಲ್ ಆಗುತ್ತದೆ. ಹಾಗಾದರೆ ಮೊದಲನೆಯದಕ್ಕೆ ಎಲ್ಲಿಂದ ಬಂತು? ಪರೀಕ್ಷಿಸಿ ನೋಡಲು ಆ ಡಬ್ಬಿಯ ಕಾಳು ಒಂದೂ ಉಳಿದಿಲ್ಲ. ನಮ್ಮ ಕಪಾಟಿನಲ್ಲಿ ಸೆಸಮಾಲಿನ ಶುದ್ಧ ಪುಡಿಯ ಒಂದು ಸೀಸೆ ಇದೆ. ಕಪಾಟಿನ ಬೀಗದ ಕೈ ಇದ್ದದ್ದು ನನ್ನ ಬಳಿ. ಕೆಲಸ ಉಳಿಸಿಕೊಳ್ಳಲು ಅದರಿಂದ ಒಂದು ಚಿಟಿಕೆ ಬೆರೆಸಿದ್ದೇನೆ ಎಂದು ಅವರ ಅನುಮಾನ.

ಮೇಡಂ ಕೆಟ್ಟವರಲ್ಲ. ನನ್ನನ್ನು ಒಬ್ಬಳನ್ನೇ ಕರೆದು ಕೇಳಿದರು, "ಆ ಎಳ್ಳು ಬೆಂಕಿ ಕಂಡಿತ್ತಾ? ನಿಮ್ಮಕ್ಕನ್ನ ಒಂದು ಮಾತು ಕೇಳಿ ನೋಡು."

"ಕೇಳೋ ಅಗತ್ಯ ಇಲ್ಲ ಮೇಡಂ. ನಮ್ಮಕ್ಕ ಸಹಿ ಹಾಕಿದಾಳೆ," ಅಂದೆ.

ಎರಡನೇ ಸಲ ಕೇಳಿದರು. ಅದನ್ನೇ ಹೇಳಿದೆ. ಅವರು ಬೀಗದ ಕೈ ವಾಪಸ್ ತೆಗೆದುಕೊಂಡರು. ನಾಲ್ಕು ವಾರದಿಂದ ಹಿಂದಿನ ಕೋಣೆಯಲ್ಲಿ ನಿಜವಾಗಿಯೂ ಸೀಸೆ ತೊಳೆಯುತ್ತಿದ್ದೇನೆ. ಜೂನ್ ಹತ್ತಕ್ಕೆ ವಿಚಾರಣೆ. ತಪ್ಪು ಒಪ್ಪಿಕೊಂಡರೆ ಸದ್ದಿಲ್ಲದೆ ಕಳಿಸುತ್ತಾರೆ. ಒಪ್ಪದಿದ್ದರೆ ಕಡತದಲ್ಲಿ ಬರೆಯುತ್ತಾರೆ, ಮುಂದೆ ಯಾವ ಪ್ರಯೋಗಾಲಯವೂ ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾಡದ ತಪ್ಪನ್ನು ಒಪ್ಪುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ನಿನ್ನಿಂದ ಏನೂ ಕೇಳುತ್ತಿಲ್ಲ. ಕೆಲಸ ಹೋದರೆ ಬಂದು ಗಾಣದ ಹತ್ತಿರ ನಿಲ್ಲುತ್ತೇನೆ. ಇಷ್ಟು ಓದಿಸಿದ್ದಕ್ಕೆ ಹೀಗಾಯಿತಲ್ಲ ಎಂದು ಮಾತ್ರ ಕೊರಗಬೇಡ. ನೀನು ಕೊಟ್ಟದ್ದರಲ್ಲಿ ಯಾವುದೂ ವ್ಯರ್ಥವಾಗಿಲ್ಲ.

ಗುಬ್ಬಿ

ಮೇ ೨೬

ಗುಬ್ಬೀ,

ಆ ಎಳ್ಳು ಬೆಂಕಿ ಕಂಡಿತ್ತು.

ಮೊದಲು ಇದನ್ನು ನಿನ್ನ ಮೇಡಂಗೆ ತೋರಿಸು, ಉಳಿದದ್ದನ್ನು ಆಮೇಲೆ ಓದು. ಅವರಿಗೆ ಬೇರೆ ಕಾಗದವನ್ನೂ ಬರೆದಿದ್ದೇನೆ. ನನ್ನ ಸಹಿ ಸುಳ್ಳು, ಮೊದಲನೇ ಡಬ್ಬಿಯ ಎಳ್ಳನ್ನು, ಗಾಣಕ್ಕೆ ಹಾಕುವ ಎಳ್ಳು ಹುರಿಯುವ ಕಬ್ಬಿಣದ ಬಾಣಲೆಯಲ್ಲೇ ಹುರಿದವಳು ನಾನೇ ಎಂದು.

ಯಾಕೆ ಎಂದು ಕೇಳುತ್ತೀಯ. ಮಳೆಗೆ ಮೂಟೆ ಥಂಡಿ ಹಿಡಿದಿತ್ತು. ಕೈಯಲ್ಲಿ ಹಿಡಿದರೆ ಕಾಳು ತಣ್ಣಗೆ ಅಂಟುತ್ತಿತ್ತು. ಹಾಗೇ ಕಳಿಸಿದರೆ ದಾರಿಯಲ್ಲೇ ಹುಳ ಬೀಳುತ್ತದೆ, ಅಷ್ಟು ದೊಡ್ಡ ಜಾಗದಲ್ಲಿ ನೀನು ಡಬ್ಬಿ ಬಿಚ್ಚುವಾಗ ಹುಳ ಹರಿದರೆ ನಿನ್ನ ಗತಿಯೇನು ಎಂದು ಹೆದರಿದೆ. ಹುರಿಯಬಾರದು ಎಂದು ಬರೆದದ್ದು ಗೊತ್ತಿತ್ತು. ಆದರೆ ಅದು ಗಿರಾಕಿ ಹೇಳುವ ಮಾತಿನ ಹಾಗೆ ಎಂದುಕೊಂಡೆ. ಅವರು ಏನೋ ಹೇಳುತ್ತಾರೆ, ನಮಗೆ ಗೊತ್ತಿರುವುದನ್ನು ನಾವು ಮಾಡುತ್ತೇವೆ, ಕೊನೆಗೆ ಚೆನ್ನಾಗಿದೆ ಎನ್ನುತ್ತಾರೆ. ಕರಿ ಎಳ್ಳು ಹುರಿದರೂ ಕರಿ, ಹುರಿಯದಿದ್ದರೂ ಕರಿ. ಯಾರಿಗೆ ತಿಳಿಯುತ್ತದೆ?

ಆಮೇಲೆ ನಿನ್ನ ಮಾರ್ಚ್ ತಿಂಗಳ ಕಾಗದ ಬಂತು. ಇಷ್ಟು ದೊಡ್ಡ ವಿಷಯಕ್ಕೆ ಸುಳ್ಳು ಸಹಿ ಹಾಕಿದೆನಲ್ಲ ಎಂದು ಭಯವಾಯಿತು. ಬೆಂಕಿ ತಾಕಿದರೆ ಸತ್ವ ಹೋಗುತ್ತದೆ ಎಂದು ಎಲ್ಲರೂ ಹೇಳುವುದು ತಾನೆ? ಹುರಿದದ್ದೇ ಇಷ್ಟು ಕೆಲಸ ಮಾಡಿದೆ, ಹಸಿಯದು ಇದರ ಎರಡರಷ್ಟು ಮಾಡುತ್ತದೆ, ನನ್ನ ತಪ್ಪು ತಾನಾಗಿ ಮುಚ್ಚಿಹೋಗುತ್ತದೆ ಎಂದು ಎರಡನೇ ಡಬ್ಬಿಯನ್ನು ಬಾಣಲೆಯ ಹತ್ತಿರಕ್ಕೂ ಒಯ್ಯಲಿಲ್ಲ. ಬಿಸಿಲಿನಲ್ಲಿ ಹರಡಿ, ಪಕ್ಕದಲ್ಲೇ ಕುಳಿತು ಕಾದೆ. ನಾನು ಸರಿ ಮಾಡಿದ ದಿನವೇ ನಿನ್ನ ತಲೆಯ ಮೇಲೆ ಕಲ್ಲು ಹಾಕಿದ್ದು.

ನಿನ್ನ ಏಪ್ರಿಲ್ ಕಾಗದಕ್ಕೆ ಹಾಗೆ ಬುಸುಗುಟ್ಟಿದ್ದು ಅಳುಕಿನಿಂದ. ಎಲ್ಲಿ ಕೇಳಿಬಿಡುತ್ತೀಯೋ ಎಂದು ನಾನೇ ಮೊದಲು ಬಾಯಿ ಮಾಡಿದೆ. ನೀನು ಮಾತ್ರ ಕೇಳಲೇ ಇಲ್ಲ. ಮೇಡಂ ಎರಡು ಸಲ ಹೇಳಿದರೂ ಕೇಳಲಿಲ್ಲ.

ನಿನ್ನ ಮೇ ತಿಂಗಳ ಕಾಗದವನ್ನು ಓದಿ, ಬರೆಯಲು ಕುಳಿತು, ಮೂರು ಹಾಳೆ ಹರಿದುಹಾಕಿದೆ. ಸಹಿ ಸುಳ್ಳು ಎಂದು ಬರೆದುಕೊಟ್ಟರೆ ಅಂಗಡಿಯ ಗತಿ ಏನು, ಅಜ್ಜಿಗೆ ಏನು ಮುಖ ತೋರಿಸಲಿ ಎಂದು ಲೆಕ್ಕ ಹಾಕುತ್ತಿದ್ದೆ. ನಿನ್ನ ಭಾವ ಬಂದು ಕನ್ನಡಕ ಕೈಗೆ ಕೊಟ್ಟು, "ಅವಳು ನಿನ್ನ ಸಹಿ ನಂಬಿ ಕುತ್ತಿಗೆ ಕೊಟ್ಟಿದಾಳೆ. ನೀನು ಇನ್ನೂ ಅಂಗಡಿ ಹೆಸರು ನೋಡ್ತಿದೀಯಲ್ಲ," ಎಂದರು. ಇಪ್ಪತ್ತಾರು ವರ್ಷದಲ್ಲಿ ಅವರು ನನಗೆ ಬೈದದ್ದು ಅದೊಂದೇ ಸಲ.

ಜೊತೆಗೆ ಎರಡು ಡಬ್ಬಿ ಇದೆ, ಎರಡೂ ಅದೇ ಮೂಟೆಯದು. ಕೆಂಪು ದಾರ ಕಟ್ಟಿದ್ದು ಹುರಿದದ್ದು, ಬಿಳಿ ದಾರದ್ದು ಹಸಿ. ಎರಡನ್ನೂ ನೀನು ಮುಟ್ಟಬೇಡ. ಮೇಡಂ ಕೈಯಿಂದಲೇ ಬಿಚ್ಚಿಸು.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಆ ಮಾತು ಸಾಲುವುದಿಲ್ಲ.

ಅಕ್ಕ

ಜೂನ್ ೧೪

ಅಕ್ಕಾ,

ಬಂತು. ಕೆಂಪು ದಾರದ ಡಬ್ಬಿಯಲ್ಲಿ ಅದೇ ಅಂಕಿ ಬಂತು.

ಮೇಡಂ ನಿನ್ನ ಕಾಗದವನ್ನು ನಿಂತುಕೊಂಡೇ ಓದಿದರು. ಡಬ್ಬಿಗಳನ್ನು ತಾವೇ ಬಿಚ್ಚಿ, ತೂಗಿ, ಪುಡಿ ಮಾಡಿದರು. ನನ್ನನ್ನು ಬಾಗಿಲ ಹೊರಗೆ ಕೂರಿಸಿದ್ದರು. ಒಂಬತ್ತನೇ ತಾರೀಖು ಮಧ್ಯಾಹ್ನ ಹೊರಗೆ ಬಂದು ಕಪಾಟಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಹತ್ತಕ್ಕೆ ವಿಚಾರಣೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಕಡತದಲ್ಲಿ ನನ್ನ ಮೇಲೆ ಏನೂ ಬರೆಯಲಿಲ್ಲ. ಕೆಲಸ ಇನ್ನೊಂದು ವರ್ಷ ಮುಂದುವರಿಯುತ್ತದೆ. ಖಾಯಂ ಅಲ್ಲ, ಆದರೂ ಒಂದು ವರ್ಷ.

ನಿನ್ನ ಕಾಗದ ಓದಿದಾಗ ನನಗೆ ಸಿಟ್ಟು ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಂತು, ಎರಡು ದಿನ ಇತ್ತು. ಆಮೇಲೆ ನನ್ನ ತಪ್ಪು ನೆನಪಾಯಿತು. ಮೊದಲ ಡಬ್ಬಿ ಬಿಚ್ಚಿದಾಗ ಬಂದದ್ದು ಹುರಿದ ಎಳ್ಳಿನ ವಾಸನೆ. ಬೇರೆ ಯಾರೇ ಬಿಚ್ಚಿದ್ದರೂ ಆ ಕ್ಷಣವೇ ಹೇಳುತ್ತಿದ್ದರು. ನಾನು ಆ ವಾಸನೆಯಲ್ಲೇ ಬೆಳೆದವಳು, ಎಳ್ಳಿನ ವಾಸನೆ ಎಂದರೆ ನನಗೆ ಅದೇ. ಎರಡನೇ ಡಬ್ಬಿ ಬಿಚ್ಚಿದಾಗ ವಾಸನೆ ಇರಲಿಲ್ಲ. ಹೊಸ ಡಬ್ಬಿ ಇರಬೇಕು ಎಂದುಕೊಂಡೆ. ಕಲಿತದ್ದೆಲ್ಲ ತಲೆಯಲ್ಲಿತ್ತು, ಮೂಗು ಮಾತ್ರ ಮನೆಯಲ್ಲೇ ಉಳಿದಿತ್ತು.

ಇನ್ನೊಂದು ವಿಷಯ. ಬಿಳಿ ದಾರದ ಎಳ್ಳನ್ನು ಮೇಡಂ ನಮ್ಮ ಒಲೆಯಲ್ಲಿ, ಅಂದರೆ ಶಾಖದ ಪೆಟ್ಟಿಗೆಯಲ್ಲಿ, ಡಿಗ್ರಿ ನೋಡಿ ಹುರಿದರು. ಒಂದು ಸಲ ಕಡಿಮೆಯಾಯಿತು, ಒಂದು ಸಲ ಸೀದುಹೋಯಿತು. ನಿನ್ನ ಬಾಣಲೆಯಷ್ಟು ಯಾವುದೂ ಬರಲಿಲ್ಲ. ಅದಕ್ಕೆ ನಿನಗೊಂದು ಪ್ರಶ್ನೆಪತ್ರ ಕಳಿಸಿದ್ದಾರೆ, ಜೊತೆಗಿದೆ. ತಿಳಿದಷ್ಟು ಬರಿ ಸಾಕು.

ನೀನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನಂತೂ ಸಾಯುವವರೆಗೆ ಕೇಳುತ್ತಿರಲಿಲ್ಲ. ನೀನು ಬರೆದೆ. ಅಕ್ಕಾ, ನನ್ನನ್ನು ಓದಿಸಿದ್ದಕ್ಕಿಂತ ಇದು ದೊಡ್ಡದು.

ಗುಬ್ಬಿ

ಜೂನ್ ೨೨

ಗುಬ್ಬೀ,

ನಿನ್ನ ಕಾಗದ ಬಂದಾಗ ಗಾಣ ಓಡುತ್ತಿತ್ತು. ನಿಲ್ಲಿಸಿ ಓದಿದೆ. ಓದಿ ಮೂಟೆಯ ಮೇಲೆ ಕುಳಿತುಬಿಟ್ಟೆ. ನಿನ್ನ ಭಾವ ಕೆಟ್ಟ ಸುದ್ದಿ ಎಂದು ತಿಳಿದು ನೀರು ತಂದರು. ಅಜ್ಜಿಗೆ ಹೋಗಿ ಎಲ್ಲ ಹೇಳಿದೆ. ಅವಳು ನಕ್ಕು, ನನ್ನ ಎಳ್ಳು ಒಳ್ಳೆಯದು ಅಂತ ಗೊತ್ತಾಯ್ತಲ್ಲ ಎಂದಳು, ಅಷ್ಟೇ.

ಪ್ರಶ್ನೆಪತ್ರ ತುಂಬಿ ಕಳಿಸುತ್ತಿದ್ದೇನೆ. ಎರಡು ದಿನ ಹಿಡಿಯಿತು. ಎಷ್ಟು ಶಾಖ ಎಂದು ಕೇಳಿದ್ದಾರೆ. ಡಿಗ್ರಿ ನನಗೆ ಗೊತ್ತಿಲ್ಲ. ಬಾಣಲೆಯ ಮೇಲೆ ಅಂಗೈ ಹಿಡಿದರೆ ಐದು ಎಣಿಸುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಳ್ಳಬೇಕು, ಅಷ್ಟು. ಎಷ್ಟು ನಿಮಿಷ ಎಂದು ಕೇಳಿದ್ದಾರೆ. ಕಾಳು ಚಟಪಟ ಎನ್ನಲು ಶುರುವಾಗಿ, ಜೋರಾಗಿ, ಮತ್ತೆ ಕಡಿಮೆಯಾಗುವವರೆಗೆ. ನನಗೆ ಆ ಸದ್ದು ಕೇಳಿಸದೆ ಎಷ್ಟೋ ವರ್ಷವಾಯಿತು. ಸೌಟಿನ ಹಿಡಿಯಲ್ಲಿ ಬೆರಳಿಗೆ ತಿಳಿಯುತ್ತದೆ. ಗೆಣ್ಣು ಊದಿದ ದಿನವೂ ತಿಳಿಯುತ್ತದೆ. ಇಳಿಸುವ ಹೊತ್ತು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಾರೆ. ಒಂದು ಕಾಳನ್ನು ಎರಡು ಬೆರಳಲ್ಲಿ ಹಿಸುಕಿದರೆ ಜಾರಬಾರದು, ಪುಡಿಯಾಗಬೇಕು.

ಇಪ್ಪತ್ತಾರು ವರ್ಷ ಈ ಒಲೆಯ ಮುಂದೆ ನಿಂತಿದ್ದೇನೆ. ಎಣ್ಣೆ ಚೆನ್ನಾಗಿದೆಯಾ ಎಂದು ಕೇಳಿದವರು ಸಾವಿರ ಜನ. ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ನನಗೇನಾದರೂ ಗೊತ್ತಿದೆ ಎಂದು ನನಗೇ ತಿಳಿದಿರಲಿಲ್ಲ. ಬರೆಯುತ್ತಾ ಬರೆಯುತ್ತಾ ತಿಳಿಯಿತು. ಇನ್ನು ಮುಂದೆ ಋಣ ತೀರಿಸುವ ಮಾತು ಎತ್ತಬೇಡ ಗುಬ್ಬೀ. ಈಗ ನಾನು ನಿನಗೆ ಋಣಿ, ಇದನ್ನು ಬಾಯಿಬಿಟ್ಟೇ ಹೇಳುತ್ತಿದ್ದೇನೆ.

ಕೊನೆಯ ಪ್ರಶ್ನೆಗೆ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಬೇರೆ ಏನಾದರೂ ಹೇಳುವುದಿದೆಯೇ ಎಂದಿತ್ತು. ಅಲ್ಲಿ ಹೀಗೆ ಬರೆದಿದ್ದೇನೆ: ಎಳ್ಳು ಹುರಿದವಳು ನಾನು. ಹುರಿದಿಲ್ಲ ಎಂದು ಸಹಿ ಹಾಕಿದವಳೂ ನಾನು. ನನ್ನ ತಂಗಿ ಮಾಡಿದ್ದು ಒಂದೇ, ನನ್ನನ್ನು ಅನುಮಾನಿಸಲಿಲ್ಲ. ಇದನ್ನೂ ಅವಳ ಕಡತದಲ್ಲಿ ಬರೆದುಕೊಳ್ಳಿ.

ಅಕ್ಕ